ಬೀಗ ನೋಡಿಕೊಳ್ಳಲು ಅಲ್ಲ, ಬೀಗರನ್ನು ನೋಡಿಕೊಳ್ಳಲು

ಗೆ,
ಸರ್ಕಾರದ ಅಪರ ಮುಖ್ಯ ಕಾರ್ಯದರ್ಶಿಯವರು,
ಒಳಾಡಳಿತ ಇಲಾಖೆ, ವಿಧಾನಸೌಧ, ಬೆಂಗಳೂರು.

ವಿಷಯ: ಪರಪ್ಪನ ಅಗ್ರಹಾರ ಕೇಂದ್ರ ಕಾರಾಗೃಹದ ಅಧೀಕ್ಷಕರ ಹುದ್ದೆಗೆ ನನ್ನನ್ನು ಪರಿಗಣಿಸುವ ಬಗ್ಗೆ.
ಉಲ್ಲೇಖ: ಟೀವಿಯಲ್ಲಿ ಆಗಾಗ ಬರುವ ವಿಡಿಯೋಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು 22 ವರ್ಷದಿಂದ ಹೊಸೂರು ರಸ್ತೆ ಕಡೆಯ ಒಂದು ಮದುವೆ ಛತ್ರದಲ್ಲಿ ಮ್ಯಾನೇಜರಾಗಿದ್ದೇನೆ. ಪೊಲೀಸ್ ತರಬೇತಿ ಆಗಿಲ್ಲ, ಕಾನೂನು ಓದಿಲ್ಲ. ಕೋಲು ಹಿಡಿದದ್ದು ಎಂಜಲೆಲೆ ಹತ್ತಿರ ಬರುವ ನಾಯಿಗಳನ್ನು ಓಡಿಸಲು ಮಾತ್ರ. ಆದರೂ ಈ ಹುದ್ದೆಗೆ ನನಗಿಂತ ಯೋಗ್ಯ ಮನುಷ್ಯ ತಮಗೆ ಸಿಗಲಾರ ಎಂದು ಧೈರ್ಯವಾಗಿ ಹೇಳುತ್ತೇನೆ. ಈ ಜೈಲಿನ ಸುದ್ದಿ ಬಂದಾಗಲೆಲ್ಲ ಪೇಪರಿನವರು ತಪ್ಪದೆ ಬಳಸುವ ಮಾತು ಒಂದೇ: ರಾಜಾತಿಥ್ಯ. ಜನ ಮೊದಲಿಂದಲೂ ಜೈಲಿಗೆ ಮಾವನ ಮನೆ ಅನ್ನುತ್ತಾರೆ. ಮಾವನ ಮನೆಗೆ ಬಂದವನು ಅಳಿಯ, ಅವನ ಹಿಂದೆ ಬಂದವರು ಬೀಗರು. ತಾವು ಇಷ್ಟು ವರ್ಷ ಬೀಗ ನೋಡಿಕೊಳ್ಳುವವರನ್ನೇ ಹುಡುಕಿ ಹುಡುಕಿ ಹಾಕಿದಿರಿ. ಅಲ್ಲಿಗೆ ಬೇಕಾದವನು ಬೀಗರನ್ನು ನೋಡಿಕೊಳ್ಳುವವನು.

ಛತ್ರದಲ್ಲಿ ರೂಮು ಹಂಚುವುದೆಂದರೆ ತಲೆ ಹೋಗುವ ಕೆಲಸ. ಇರುವುದು ಎಂಟು ರೂಮು, ಎರಡಕ್ಕೆ ಮಾತ್ರ ಎ.ಸಿ. ಹೆಣ್ಣಿನ ಕಡೆಗೆ ಇಷ್ಟು, ಗಂಡಿನ ಕಡೆಗೆ ಇಷ್ಟು ಎಂದು ಬಾಗಿಲಿಗೆ ಚೀಟಿ ಅಂಟಿಸಿ ಮುಗಿಸುವಷ್ಟರಲ್ಲಿ ಗಂಡಿನ ಚಿಕ್ಕಪ್ಪ ಬಂದು, ಮೊದಲ ಮಹಡಿ ಪೂರ್ತಿ ನಮಗೇ ಬೇಕು ಅನ್ನುತ್ತಾರೆ. ಕೊಡುತ್ತೇನೆ. ಹೆಣ್ಣಿನ ಕಡೆಯವರಿಗೆ ಗೊತ್ತಾಗದ ಹಾಗೆ ಕೊಡುತ್ತೇನೆ. 2017ರಲ್ಲಿ ಪರಪ್ಪನ ಅಗ್ರಹಾರದಲ್ಲಿ ಜಯಲಲಿತಾ ಅವರ ಆಪ್ತೆ ಶಶಿಕಲಾ ಅವರಿಗೆ ಐದು ಕೋಣೆಗಳ ಸಾಲನ್ನೇ ಬಿಟ್ಟುಕೊಟ್ಟಿದ್ದಾರೆ, ಅಡುಗೆಗೂ ಬೇರೆ ಏರ್ಪಾಟಿದೆ ಎಂಬುದು ದೊಡ್ಡ ಸುದ್ದಿಯಾಯಿತು. ಅಂದಿನ ಕಾರಾಗೃಹ ಡಿಐಜಿ ರೂಪಾ ಅವರು ವರದಿ ಬರೆದರು. ಆಮೇಲೆ ತಾವೇ ನೇಮಿಸಿದ ವಿನಯ್ ಕುಮಾರ್ ಸಮಿತಿಯೂ ವಿಶೇಷ ಸೌಲಭ್ಯ ಸಿಕ್ಕಿದ್ದು ಹೌದು ಎಂದಿತು. ಕೊಟ್ಟದ್ದರ ಸರಿ ತಪ್ಪು ದೊಡ್ಡವರಿಗೆ ಬಿಟ್ಟದ್ದು. ಊರಿಗೆಲ್ಲ ಗೊತ್ತಾಗುವ ಹಾಗೆ ಕೊಟ್ಟರಲ್ಲ, ಅದು ಕಸುಬು ಬಾರದವರ ಲಕ್ಷಣ. ಮುಂದೆ ನಡೆದದ್ದು ಇನ್ನೂ ಚೆಂದ: ವರದಿ ಬರೆದವರಿಗೂ ಎತ್ತಂಗಡಿ, ಅದನ್ನು ಅಲ್ಲಗಳೆದ ಡಿಜಿಪಿಗೂ ಎತ್ತಂಗಡಿ, ಅದೂ ಒಂದೇ ದಿನ. ಸಾರಿಗೆ ಉಪ್ಪು ಜಾಸ್ತಿ ಎಂದವನನ್ನೂ, ಇಲ್ಲ ಸರಿಯಾಗಿದೆ ಎಂದವನನ್ನೂ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ ಹಾಗೆ. ಸಾರು ಮಾತ್ರ ಬಡಿಸುತ್ತಲೇ ಇದ್ದರು.

2024ರ ಆಗಸ್ಟಿನಲ್ಲಿ ಬಂದ ಆ ಫೋಟೋ ತಾವೂ ನೋಡಿರುತ್ತೀರಿ. ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ನಾಲ್ವರು ಕೂತಿದ್ದಾರೆ. ಕೊಲೆ ಪ್ರಕರಣದ ಆರೋಪಿ, ನಟ ದರ್ಶನ್ ಅವರ ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಮಗ್. ಪಕ್ಕದಲ್ಲಿ ಒಬ್ಬ ರೌಡಿಶೀಟರ್. ಊರೆಲ್ಲ ಸಿಗರೇಟು ನೋಡಿತು. ನನ್ನ ಕಣ್ಣು ನೆಟ್ಟಿದ್ದು ಮಗ್ಗಿನ ಮೇಲೆ. ನಮ್ಮಲ್ಲಿ ಪೇಪರ್ ಲೋಟ ಬಿಟ್ಟರೆ ಸ್ಟೀಲ್ ಲೋಟ, ಅಷ್ಟೆ. ಹಿಡಿ ಇರುವ ಮಗ್ಗಿನಲ್ಲಿ ಕಾಫಿ ಮದುಮಗನ ತಂದೆಗೂ ಸಿಕ್ಕಿದ್ದಿಲ್ಲ. ಇಂಥ ಅಚ್ಚುಕಟ್ಟು ಮಾಡಿದ ಕೈ ಯಾವುದೋ, ಅವನನ್ನು ಕರೆದು ನಮ್ಮ ಛತ್ರದಲ್ಲಿ ಕೆಲಸ ಕೊಡೋಣ ಎಂದುಕೊಳ್ಳುವಷ್ಟರಲ್ಲಿ ತಾವು ಒಂಬತ್ತು ಜನರನ್ನು ಅಮಾನತು ಮಾಡಿದಿರಿ. ಅತಿಥಿಯನ್ನು ಬಳ್ಳಾರಿಗೆ ಕಳಿಸಿದಿರಿ. ಅದಕ್ಕೂ ಮುಂಚೆಯೇ ಅವರ ಕೈದಿ ನಂಬರ್ 6106 ಆಟೋಗಳ ಹಿಂದೆ ಅಂಟಿತ್ತು. ಎಳೆ ಮಗುವಿಗೆ ಆ ನಂಬರಿನ ಬಿಳಿ ಬಟ್ಟೆ ತೊಡಿಸಿ ಫೋಟೋ ತೆಗೆಸಿದವರೂ ಇದ್ದರು. ನಾಮಕರಣಕ್ಕೆ ಹೊಸ ಪ್ಯಾಕೇಜ್ ಮಾಡೋಣವಾ ಸಾರ್ ಎಂದು ನಮ್ಮ ಫೋಟೋಗ್ರಾಫರ್ ಕೇಳಿದ. ಬೈದು ಕಳಿಸಿದೆ. ಆಮೇಲೆ ರೇಟೆಷ್ಟು ಎಂದೂ ಕೇಳಿದೆ, ಸುಳ್ಳು ಹೇಳಬಾರದು.

ಈ ಅಮಾನತಿನ ವಿಷಯದಲ್ಲಿ ನನ್ನವಳಿಗೆ ಅನುಮಾನವಿದೆ. ಅರ್ಜಿ ಬರೆಯುತ್ತಿದ್ದೇನೆ ಎಂದಾಗ ಅವಳಂದದ್ದು: "ರೀ, ಆ ಜೈಲಲ್ಲಿ ಬೇಗ ಹೊರಗೆ ಬರೋರು ಅಂದ್ರೆ ಸಾಹೇಬ್ರು ಮಾತ್ರ. ಬೇಕಾ ನಿಮಗೆ ಇದು?" ಅವಳ ಮಾತಿನಲ್ಲಿ ಹುರುಳಿದೆ. 2025ರ ಆಗಸ್ಟ್ 14ರಂದು ದರ್ಶನ್ ಜಾಮೀನು ರದ್ದು ಮಾಡಿದ ದಿನ ಸುಪ್ರೀಂ ಕೋರ್ಟ್ ಕೂಡ, ಒಳಗೆ ಪಂಚತಾರಾ ಉಪಚಾರ ಕಂಡರೆ ಮೊದಲು ಅಮಾನತಾಗುವುದು ಅಧೀಕ್ಷಕರೇ ಎಂದು ಖಡಕ್ಕಾಗಿ ಹೇಳಿತು. ಎರಡು ತಿಂಗಳು ಕಳೆದಿರಲಿಲ್ಲ, ಅಕ್ಟೋಬರಿನಲ್ಲಿ ಅದೇ ಜೈಲಿನೊಳಗೆ ರೌಡಿಯೊಬ್ಬನ ಹುಟ್ಟುಹಬ್ಬದ ವಿಡಿಯೋ ಬಂತು. ಕೇಕು, ಚಾಕು, ಕೊರಳಲ್ಲಿ ಸೇಬಿನ ಹಾರ.

ಸೇಬಿನ ಹಾರದ ಬಗ್ಗೆ ಎರಡು ಮಾತು ಹೇಳಲೇಬೇಕು, ಇದು ನನ್ನ ಕ್ಷೇತ್ರ. ಹೊರಗೆ ರಾಜಕಾರಣಿಗಳಿಗೆ ಸೇಬಿನ ಹಾರ ಹಾಕುವುದಕ್ಕೆ ಕ್ರೇನ್ ತರಿಸುತ್ತಾರೆ. ಕೊರಳಿಗೆ ಹಾಕುವ ಚಿಕ್ಕ ಹಾರವಾದರೂ ಒಬ್ಬ ಎರಡು ಕೈಯಲ್ಲಿ ಎತ್ತಿಕೊಂಡೇ ಬರಬೇಕು. ಜೇಬಿಗೆ ಹೋಗುವುದಿಲ್ಲ, ಚಪ್ಪಲಿಯ ಅಟ್ಟೆಯೊಳಗೆ ಕೂರುವುದಿಲ್ಲ. ಮುಲಾಕತ್ತಿಗೆ ಬರುವ ಬಡ ಹೆಂಗಸಿನ ಚೀಲವನ್ನು ತಲೆಕೆಳಗು ಮಾಡಿ ಜಾಲಾಡುವ ಗೇಟಿನಲ್ಲಿ ಅಷ್ಟು ಸೇಬು ಕಾಣಲಿಲ್ಲವೇ? ಅಥವಾ ಒಂದೊಂದೇ ಸೇಬು ಒಳಗೆ ಹೋಗಿ, ಬ್ಯಾರಕ್ಕಿನಲ್ಲಿ ಕೂತು ಯಾರೋ ದಬ್ಬಣದಲ್ಲಿ ಪೋಣಿಸಿದರೋ? ಹಾಗಾಗಿದ್ದರೆ ಇಲಾಖೆಯ ಹೆಸರಿನಲ್ಲಿರುವ 'ಸುಧಾರಣಾ ಸೇವೆ' ಸಾರ್ಥಕವಾಯಿತು. ಒಬ್ಬ ಕೈದಿಯಾದರೂ ಹೊಸ ಕಸುಬು ಕಲಿತ.

ನವೆಂಬರಿನಲ್ಲಿ ಇನ್ನೊಂದಷ್ಟು ವಿಡಿಯೋ. ಸರಣಿ ಅತ್ಯಾಚಾರ, ಕೊಲೆಗಳ ಅಪರಾಧಿ ಉಮೇಶ್ ರೆಡ್ಡಿಯ ಕೈಯಲ್ಲಿ ಮೊಬೈಲು, ಸೆಲ್ಲಿನಲ್ಲಿ ಟೀವಿ. ಮತ್ತೆ ಅಮಾನತು, ಮತ್ತೆ ಸಮಿತಿ. ಈ ಸಲ ತಾವು ಮೊದಲ ಬಾರಿಗೆ ಐಪಿಎಸ್ ಅಧಿಕಾರಿಯನ್ನೇ ಆ ಕುರ್ಚಿಗೆ ತಂದಿರಿ. ಒಳ್ಳೆಯದಾಗಲಿ. ನಾನು ಕೇಳುತ್ತಿರುವುದು ಮುಂದಿನ ಸರದಿಗೆ. ಮುಹೂರ್ತಗಳಿರುವ ತಿಂಗಳಲ್ಲಿ ಛತ್ರ ಖಾಲಿಯಾಗುವುದಕ್ಕಿಂತ ಬೇಗ ಆ ಕುರ್ಚಿ ಖಾಲಿಯಾಗುತ್ತದೆ ಎಂಬುದು ಅನುಭವದ ಮಾತು.

ನಮ್ಮಲ್ಲೂ ಕ್ರಮ ಹೀಗೇ ಇದೆ. ಮದುವೆಮನೆಯಲ್ಲಿ ಸರ ಕಳೆದರೆ ಮೊದಲು ಹಿಡಿಯುವುದು ಕಸ ಗುಡಿಸುವವಳನ್ನು. ಸರ ಆಮೇಲೆ ಅತ್ತೆಯ ಬ್ಯಾಗಿನಲ್ಲೇ ಸಿಗುತ್ತದೆ, ಆ ಮಾತು ಬೇರೆ.

ಇನ್ನು ದಿಂಬು. ರಾತ್ರಿ ಎರಡು ಗಂಟೆಗೆ ಮದುಮಗನ ಸೋದರಮಾವ ಬಂದು ಬಾಗಿಲು ಬಡಿದು, "ರೀ ಮ್ಯಾನೇಜರ್, ಒಂದು ದಿಂಬು ಇಲ್ವೇನ್ರೀ ನಿಮ್ಮ ಛತ್ರದಲ್ಲಿ?" ಎಂದರೆ ನಾನು ನಿಯಮ ಓದುವುದಿಲ್ಲ. ನನ್ನ ತಲೆಯಡಿಯದನ್ನೇ ಎಳೆದು ಕೊಟ್ಟು, ಪಂಚೆ ಸುತ್ತಿ ತಲೆಗಿಟ್ಟುಕೊಂಡು ಮಲಗುತ್ತೇನೆ. ಐದು ನಿಮಿಷದ ಕೆಲಸ. ತಮ್ಮಲ್ಲಿ 2025ರಲ್ಲಿ ದರ್ಶನ್ ಅವರ ಹಾಸಿಗೆ ದಿಂಬಿನ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ವಕೀಲರು ವಾದಿಸಿದರು, ಆದೇಶವಾಯಿತು, ಆದೇಶದಂತೆ ಕೊಟ್ಟಿಲ್ಲ ಎಂದು ಮತ್ತೆ ಅರ್ಜಿ ಬಿತ್ತು. ಮಗ್ ಕೊಟ್ಟರೆ ಅಮಾನತು, ದಿಂಬು ಕೊಡದಿದ್ದರೆ ಕೋರ್ಟು. ಇದರ ನಡುವೆ ಅಧೀಕ್ಷಕನಾದವನಿಗೆ ನಿದ್ದೆ ಎಲ್ಲಿಂದ ಬರಬೇಕು ಸ್ವಾಮಿ?

ಹೆಸರಿಲ್ಲದವರ ದಿಂಬಿನ ಬಗ್ಗೆ ಯಾರೂ ಅರ್ಜಿ ಹಾಕಿದ್ದು ನಾನು ಕೇಳಿಲ್ಲ. ಛತ್ರದಲ್ಲಿ ಕೊನೆ ಪಂಕ್ತಿ ಅಂತ ಒಂದಿರುತ್ತದೆ. ಡ್ರೈವರುಗಳು, ವಾಲಗದವರು, ಹೂವಿನ ಹುಡುಗರು. ಅವರು ಎಲೆ ಮುಂದೆ ಕೂರುವ ಹೊತ್ತಿಗೆ ಹೋಳಿಗೆ ಮುಗಿದು ತಣ್ಣನೆಯ ಅನ್ನ, ನೀರು ಸಾರು. ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ಇನ್ನೂ ತೀರ್ಪೇ ಆಗದ ವಿಚಾರಣಾಧೀನರು ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಉಳಿದವರೂ ಅವರಲ್ಲಿದ್ದಾರೆ. ಕೊನೆ ಪಂಕ್ತಿಯ ವಿಡಿಯೋ ಯಾರೂ ತೆಗೆಯುವುದಿಲ್ಲ. ಅದು ಹೊರಗೆ ಬಂದು ಯಾವ ಸಾಹೇಬರೂ ಅಮಾನತಾಗಿಲ್ಲ.

ಧರಣಿಗಳಿಗೆ ಶಾಮಿಯಾನ ಹಾಕಿಸಲು ನಾನು ಆಗಾಗ ಫ್ರೀಡಂ ಪಾರ್ಕಿಗೆ ಹೋಗುತ್ತಿರುತ್ತೇನೆ. ಅದು ನಮ್ಮೂರಿನ ಹಳೇ ಜೈಲು. ಈಗ ಬೆಂಗಳೂರಿನಲ್ಲಿ ಸ್ವತಂತ್ರ ಪ್ರಜೆ ಕೂಗಾಡಬೇಕೆಂದರೆ ಆ ಜೈಲಿನ ಕಾಂಪೌಂಡಿಗೇ ಹೋಗಿ ಕೂಗಾಡಬೇಕು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿದ್ದರು. ಸ್ನೇಹಲತಾ ರೆಡ್ಡಿಯವರೂ ಇದ್ದರು. ಅವರೂ ನಟಿಯೇ. ಉಬ್ಬಸದಿಂದ ನರಳುತ್ತ ತಿಂಗಳುಗಟ್ಟಲೆ ಒಳಗಿದ್ದು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಐದೇ ದಿನಕ್ಕೆ ತೀರಿಕೊಂಡರು. ಶಾಮಿಯಾನದ ಗೂಟ ಹೊಡೆಯುವಾಗ ಇದು ನೆನಪಾದರೆ ಸುತ್ತಿಗೆ ಬೆರಳಿಗೆ ಬೀಳುತ್ತದೆ.

ಇರಲಿ, ಅರ್ಜಿಯ ವಿಷಯಕ್ಕೆ ಬರುತ್ತೇನೆ. ನನ್ನವು ಕೆಲವು ಷರತ್ತುಗಳಿವೆ. ನೇಮಕಾತಿ ಆದೇಶದ ಜೊತೆಗೇ ಅಮಾನತಿನ ಆದೇಶವನ್ನೂ ದಿನಾಂಕ ಬಿಟ್ಟು ಟೈಪ್ ಮಾಡಿಸಿ ಕೊಟ್ಟುಬಿಡಿ, ವಿಧಾನಸೌಧಕ್ಕೆ ಓಡಾಟ ಉಳಿಯುತ್ತದೆ. ಅಮಾನತಾದವರಿಗೆ ಕೊಡುವ ಜೀವನಾಧಾರ ಭತ್ಯೆಯನ್ನೇ ನನ್ನ ಮೂಲ ವೇತನ ಎಂದು ಪರಿಗಣಿಸಿದರೂ ತಕರಾರಿಲ್ಲ. ದಿಢೀರ್ ತಪಾಸಣೆಗೆ ಬರುವವರು ಹಿಂದಿನ ದಿನ ಒಂದು ಮಾತು ತಿಳಿಸಿದರೆ ಎಷ್ಟು ಜನಕ್ಕೆ ತಿಂಡಿ ಎಂದು ಭಟ್ಟರಿಗೆ ಹೇಳಿಬಿಡಬಹುದು. ಸಮಿತಿಯವರಿಗೆ ಎ.ಸಿ. ರೂಮು ಖಾಯಂ.

ಮೊಬೈಲಿನ ಬಗ್ಗೆ ನನ್ನಲ್ಲಿ ಯಾವ ಪರಿಹಾರವೂ ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಒಳಗಿನವರ ಫೋನು ಸಾಯಲಿ ಎಂದು ತಾವು ಜಾಮರ್ ಹಾಕಿಸಿದಿರಿ, ಸತ್ತದ್ದು ಅಕ್ಕಪಕ್ಕದ ಬಡಾವಣೆಯವರ ಫೋನು. ಅವರು ದೂರು ಕೊಟ್ಟೂ ಕೊಟ್ಟೂ ಸುಸ್ತಾದರು. ಒಳಗಿನಿಂದ ಮಾತ್ರ ವಿಡಿಯೋ ಸ್ಪಷ್ಟವಾಗಿ, ತಡೆಯಿಲ್ಲದೆ ಬರುತ್ತಲೇ ಇದೆ.

ಆದ್ದರಿಂದ ದಯಾಪರರಾದ ತಾವು ನನ್ನ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಛತ್ರದ ಮ್ಯಾನೇಜರ್

ಲಗತ್ತು: 1. ಕಾಫಿ ಮಗ್ಗುಗಳ ಕೊಟೇಶನ್. 2. ನನ್ನ ಸ್ವಂತ ದಿಂಬು, ಒಂದು.

ವಿ.ಸೂ.: ನಮ್ಮ ಮನೆ ಜೈಲಿನ ಗೋಡೆಯಿಂದ ಕೂಗಳತೆ ದೂರ. ಫೋನ್ ಮಾಡಿದರೆ ನಾನು ಸಿಗುವುದಿಲ್ಲ. ಸಂದರ್ಶನಕ್ಕೆ ಕರೆಯುವುದಿದ್ದರೆ ಒಳಗಿರುವ ಯಾರ ನಂಬರಿಗಾದರೂ ಒಂದು ಕಾಲ್ ಮಾಡಿ, ಅವರು ಗೋಡೆ ಹತ್ತಿರ ಬಂದು ಕೂಗಿ ಹೇಳುತ್ತಾರೆ.