ಸ್ಪಷ್ಟನೆ: ಆ ಟವರ್‌ನ ಎಸಿ ಬಿಟ್ಟಿಯಲ್ಲ, ಗ್ರಿಡ್ ಕರೆಂಟೂ ಬೇಕು

ನ್ಯೂಯಾರ್ಕ್‌ನ ಬ್ಯಾಂಕ್ ಆಫ್ ಅಮೆರಿಕ ಟವರ್ ಬಗ್ಗೆ ಒಂದು ಮೆಸೇಜ್ ಓಡಾಡ್ತಿದೆ. 'ಈ ಕಟ್ಟಡಕ್ಕೆ ಹೊರಗಿನ ಕರೆಂಟೇ ಬೇಡ, ಎಸಿ ಪೂರ್ತಿ ಬಿಟ್ಟಿ, ಹೊಗೆಯೂ ಇಲ್ಲ, ಇಂಧನದ 80% ಕರೆಂಟ್ ಆಗುತ್ತೆ' ಅಂತ. ನಾಲ್ಕೂ ತಪ್ಪು.

ಅಲ್ಲಿ ಸುಮಾರು 5 ಮೆಗಾವಾಟ್‌ನ ಗ್ಯಾಸ್ ಟರ್ಬೈನ್ (ಗ್ಯಾಸ್ ಉರಿಸಿ ಕರೆಂಟ್ ಮಾಡುವ ಯಂತ್ರ) ಇರುವುದು ನಿಜ. ಆದರೆ ಅದು ವರ್ಷದ ಬೇಡಿಕೆಯಲ್ಲಿ ದೊಡ್ಡ ಪಾಲನ್ನಷ್ಟೇ ಪೂರೈಸುತ್ತದೆ. ಉಳಿದದ್ದು ಗ್ರಿಡ್‌ನಿಂದಲೇ, ಅಂದರೆ ಹೊರಗಿನ ವಿದ್ಯುತ್ ಜಾಲದಿಂದಲೇ ಬರುತ್ತದೆ. ಉರಿಯುವುದು ನೈಸರ್ಗಿಕ ಅನಿಲ, ಅದಕ್ಕೆ ಬಿಲ್ ಬರುತ್ತೆ, ಇಂಗಾಲದ ಡೈಆಕ್ಸೈಡೂ ಹೊರಗೆ ಹೋಗುತ್ತೆ.

80% ಅನ್ನುವುದು ಕರೆಂಟ್ ಮತ್ತು ಟರ್ಬೈನ್‌ನಿಂದ ಸಿಗುವ ಶಾಖ ಎರಡೂ ಸೇರಿ. ಇಂಥ ಯಂತ್ರಗಳಲ್ಲಿ ಕರೆಂಟ್ ಆಗುವುದು ಇಂಧನದ ಮೂರನೇ ಒಂದು ಭಾಗದ ಆಸುಪಾಸು. ಶಾಖ ಬಳಸದೆ ಬಿಟ್ಟರೆ ಆ 80% ಬರೀ ಕಾಗದದ ಮೇಲೆ.

ಆ ಶಾಖವನ್ನು ಎಸಿಗೂ ಬಳಸುತ್ತಾರೆ. ಬಿಸಿಯಿಂದ ತಂಪು ಹೇಗೆ ಅಂತ ಕೇಳ್ತೀರಲ್ವಾ, ಅದು ನಿಜಕ್ಕೂ ಚೆನ್ನಾಗಿದೆ. ಶಾಖದಿಂದ ತಂಪು ಮಾಡುವ ಯಂತ್ರವಾದ ಅಬ್ಸಾರ್ಪ್ಶನ್ ಚಿಲ್ಲರ್ ಒಳಗೆ ಗಾಳಿ ಹೆಚ್ಚುಕಮ್ಮಿ ಇರುವುದಿಲ್ಲ. ಹಾಗಾಗಿ ನೀರು 5 ಡಿಗ್ರಿ ಸೆಲ್ಸಿಯಸ್‌ನ ಹತ್ತಿರವೇ ಕುದಿದು, ಎಸಿಯ ಕೊಳವೆಯಿಂದ ಬಿಸಿ ಎಳೆದುಕೊಳ್ಳುತ್ತೆ. ಆ ಆವಿಯನ್ನು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ದ್ರಾವಣ ಹೀರುತ್ತೆ. ಟರ್ಬೈನ್‌ನ ಶಾಖದ ಕೆಲಸ, ಆ ದ್ರಾವಣವನ್ನು ಕಾಯಿಸಿ ನೀರನ್ನು ಮತ್ತೆ ಬಿಡಿಸುವುದು. ಸಾಮಾನ್ಯ ಒಂದು ಹಂತದ ಚಿಲ್ಲರ್‌ನಲ್ಲಿ 10 ಪಾಲು ಶಾಖ ಕೊಟ್ಟರೆ 7 ಪಾಲು ತಂಪು ಸಿಗುತ್ತೆ, ಅಷ್ಟೇ. ಪಂಪು, ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಕೂಲಿಂಗ್ ಟವರ್ ಇವಕ್ಕೆ ಕರೆಂಟೂ ನೀರೂ ಬೇಕು. ಆ ಕಟ್ಟಡದಲ್ಲಿ ರಾತ್ರಿ ಮಂಜುಗಡ್ಡೆ ಮಾಡಿಟ್ಟು ಹಗಲು ಕರಗಿಸುವ ಟ್ಯಾಂಕ್‌ಗಳೂ ಇವೆ. ಮೆಸೇಜ್‌ನಲ್ಲಿ ಅದರ ಸುದ್ದಿಯೇ ಇಲ್ಲ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.