ಹೂವಿಲ್ಲದ ದಾಸವಾಳವನ್ನೇ ತನ್ನಿ

ಹೋದ ವರ್ಷ ಏಪ್ರಿಲ್ ಕೊನೆಯ ವಾರ. ಪುಣೆಯ ಬಿಸಿಲು 40 ಡಿಗ್ರಿ ಮುಟ್ಟಿತ್ತು. ಹಡಪ್ಸರ್ ದಾಟಿ ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನದ ಕಡೆ ಹೋಗುವಾಗ ಸಾಲುಸಾಲು ನರ್ಸರಿಗಳು ಸಿಗುತ್ತವಲ್ಲ, ಅಲ್ಲಿ ಒಂದರಿಂದ 40 ರೂಪಾಯಿಗೆ ಒಂದು ದಾಸವಾಳದ ಗಿಡ ತಂದೆ. ಹೂ ಇಲ್ಲ, ಮೊಗ್ಗೂ ಇಲ್ಲ. ಇದ್ದ ಎಲೆಗಳಲ್ಲಿ ಅರ್ಧ ಹಳದಿ. ಮುಂದಿನ ಸಾಲಿನಲ್ಲಿ ಅಂಗೈಗಿಂತ ದೊಡ್ಡ ಹೂ ಬಿಟ್ಟ ಹೈಬ್ರಿಡ್ ಗಿಡಗಳು ನಿಂತಿದ್ದವು. ಕಿತ್ತಳೆ, ನೇರಳೆ, ಎರಡು ಬಣ್ಣ ಕಲಸಿದಂಥವು, ಒಂದೊಂದಕ್ಕೆ 300, 350. ನಾನು ತಂದದ್ದು ಹಿಂದುಗಡೆ, ಹರಿದ ಹಸಿರು ನೆಟ್ ಕೆಳಗೆ, ನೀರಿನ ಪೈಪಿನ ಪಕ್ಕ ಒಟ್ಟಿದ್ದವುಗಳಲ್ಲಿ ಒಂದು. ನರ್ಸರಿಯ ದಾದಾ ಒಳ್ಳೆಯವನು, "ಸಾಹೇಬ್, ಹೇ ಘೇಊ ನಕಾ, ಯಾಲಾ ಫುಲಂ ನಾಹೀತ್" ಅಂದ. ಇದು ಬೇಡ, ಇದರಲ್ಲಿ ಹೂವಿಲ್ಲ ಅಂತ. ಹೂವಿಲ್ಲ ಅಂತಲೇ ನಾನು ತಗೊಂಡೆ. ಯಾಕೆ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. "ದುಡ್ಡು ಕೊಟ್ಟು ದಾಸಾಳ ತಂದ್ಯನೋ ತಮಾ?" ಅಂತ ಎರಡು ಸಲ ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಶಿರಸಿ ಕಡೆಯ ನಮ್ಮ ಮನೆಯಲ್ಲಿ ದಾಸವಾಳ ಅಂದರೆ ಬೇಲಿ. ಅಂಗಳದ ಸುತ್ತ ಕೆಂಪು, ಬಾವಿಯ ಹತ್ತಿರ ಬಿಳಿ, ಹಿತ್ತಲಲ್ಲಿ ತೂಗಾಡುವ ಜುಮಕಿ ದಾಸವಾಳ, ದಣಪೆಯ ಪಕ್ಕ ಯಾವತ್ತೂ ಪೂರ್ತಿ ಅರಳದ ಮೆಣಸಿನಕಾಯಿ ದಾಸವಾಳ. ಯಾವುದನ್ನೂ ಯಾರೂ ಕೊಂಡು ತಂದದ್ದಲ್ಲ. ಮಳೆಗಾಲ ಶುರುವಾದ ಮೇಲೆ ಯಾರದೋ ಮನೆಗೆ ಹೋದವರು ವಾಪಸ್ ಬರುವಾಗ ಕೈಯಲ್ಲಿ ಒಂದು ಕೊಂಬೆ ಇರುತ್ತಿತ್ತು. ಬಚ್ಚಲ ನೀರು ಹರಿಯುವ ಕಡೆ ಅದನ್ನು ಊರಿದರೆ ಮುಗೀತು, ಆಮೇಲೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ತಾನಾಗಿ ಚಿಗುರುತ್ತಿತ್ತು. ಎಲೆ ಹಿಚುಕಿ ಲೋಳೆ ತೆಗೆದು ತಲೆಗೆ ಹಚ್ಚಿಕೊಂಡು ಸ್ನಾನ, ಹೂವಿನ ತಂಬುಳಿ, ಎಳೆ ಸೊಪ್ಪನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ, ಬೆಳಿಗ್ಗೆ ದೇವರಿಗೆ ಒಂದು ಬುಟ್ಟಿ. ಇಷ್ಟೆಲ್ಲ ಕೊಟ್ಟ ಗಿಡಕ್ಕೆ ನಾವು ಕೊಟ್ಟದ್ದು ಬಚ್ಚಲ ನೀರು ಮಾತ್ರ.

ಪುಣೆಯಲ್ಲಿ ಇದರ ಹೆಸರು ಜಾಸ್ವಂದ. ಇಲ್ಲಿ ಇದು ಗಣಪತಿಯ ಹೂ. ಸಂಕಷ್ಟಿಯ ದಿನ, ಅದರಲ್ಲೂ ಮಂಗಳವಾರ ಬರುವ ಅಂಗಾರಕಿ ಸಂಕಷ್ಟಿಗೆ, ಸಾರಸ್‌ಬಾಗ್ ಗಣಪತಿಯ ಹೊರಗೆ ನಿಂತು ನೋಡಿ, ಗರಿಕೆಯ ಕಟ್ಟಿನ ಪಕ್ಕ ಕೆಂಪು ಜಾಸ್ವಂದ ಇದ್ದೇ ಇರುತ್ತದೆ. ಎಷ್ಟೋ ಕಡೆ ಮೊಗ್ಗನ್ನೇ ಮಾರುತ್ತಾರೆ, ಯಾಕೆಂದರೆ ಹೂವಿನ ಆಯುಷ್ಯ ಒಂದೇ ದಿನ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಗಿಡದಲ್ಲೇ ಬಿಟ್ಟರೂ ಅಷ್ಟೇ, ಕೊಯ್ದು ತಟ್ಟೆಯಲ್ಲಿ ಇಟ್ಟರೂ ಅಷ್ಟೇ, ನೀರಿನಲ್ಲಿ ಇಡುವುದೇ ಬೇಡ. ಊರಲ್ಲಿ ಬುಟ್ಟಿಗಟ್ಟಲೆ ಕೊಯ್ಯುತ್ತಿದ್ದ ಹೂವನ್ನು ಇಲ್ಲಿ ಒಂದೊಂದೇ ಎಣಿಸಿ ದುಡ್ಡು ಕೊಟ್ಟು ಒಯ್ಯುವುದನ್ನು ಮೊದಲ ಸಲ ನೋಡಿದಾಗ ನನಗೆ ಸಂಕಟವಾಗಿತ್ತು.

ಆದರೆ ಗಿಡ ಸಾಕುವುದನ್ನು ನಾನು ಕಲಿತದ್ದು ಈ ಊರಿನವರಿಂದ. ಇದನ್ನು ಒಪ್ಪಿಕೊಳ್ಳಲೇಬೇಕು. ಊರಲ್ಲಿ ಗಿಡ ಬೆಳೆಸುತ್ತಿದ್ದುದು ಮಳೆ, ನಾವಲ್ಲ. ಶಿರಸಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಪುಣೆಯಲ್ಲಿ ಹೆಚ್ಚುಕಮ್ಮಿ 700. ಇಲ್ಲಿ ಏಳನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಗಿಡ ಉಳಿಯಬೇಕಾದರೆ ಯಾರಾದರೂ ದಿನಾ ಅದರ ಮುಖ ನೋಡಲೇಬೇಕು. ನಮ್ಮ ಸೊಸೈಟಿಯ ಹಿರಿಯ ಕಾಕೂ ಒಬ್ಬರು ಅಡುಗೆಮನೆಯ ಸಿಪ್ಪೆಯನ್ನೆಲ್ಲ ಬಕೆಟ್‌ನಲ್ಲಿ ಕೊಳೆಸಿ ಗೊಬ್ಬರ ಮಾಡುತ್ತಾರೆ. ಲಾಲ್ ಮಾತಿ ಅಂದರೆ ಕೆಂಪು ಮಣ್ಣು ಎಷ್ಟು, ಶೇಣಖತ ಅಂದರೆ ಸಗಣಿ ಗೊಬ್ಬರ ಎಷ್ಟು, ತೆಂಗಿನ ನಾರು ಎಷ್ಟು ಅಂತ ಕೈಯಲ್ಲಿ ಹಿಡಿದು ತೋರಿಸಿದ್ದು ಅವರೇ. ಜನವರಿ 26ರ ಸುಮಾರಿಗೆ ಎಂಪ್ರೆಸ್ ಗಾರ್ಡನ್ನಿನಲ್ಲಿ ನಡೆಯುವ ಹೂವಿನ ಪ್ರದರ್ಶನಕ್ಕೆ ಮೊದಲು ಕರೆದುಕೊಂಡು ಹೋದದ್ದೂ ಅವರೇ. ಇಲ್ಲಿ ಹೂಕುಂಡಕ್ಕೆ ಕುಂಡಿ ಅನ್ನುತ್ತಾರೆ. ಇಪ್ಪತ್ತು ವರ್ಷವಾದರೂ ಕನ್ನಡದ ಬಾಯಿಗೆ ಈ ಪದ ಬರುವುದಿಲ್ಲ, ನಾನು ಪಾಟ್ ಅಂತಲೇ ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಇಲ್ಲಿಯ ಕ್ರಮ ನನಗೆ ಸರಿ ಕಾಣಲ್ಲ. ಹೂ ನೋಡಿ ಗಿಡ ಕೊಳ್ಳುವುದು.

ನಾನೂ ಹಾಗೆ ಮೂರು ಬೇಸಿಗೆ ಕೊಂಡಿದ್ದೇನೆ. ಒಂದು ಸಲ 350 ಕೊಟ್ಟು ಹಳದಿ ಹೈಬ್ರಿಡ್ ತಂದಾಗ ಅದರಲ್ಲಿ ಎರಡು ಹೂ, ಒಂಬತ್ತು ಮೊಗ್ಗು ಇತ್ತು. ವಾರದೊಳಗೆ ಒಂಬತ್ತೂ ಮೊಗ್ಗು ಅರಳದೇ ಉದುರಿದವು. ತಿಂಗಳಲ್ಲಿ ಗಿಡವೇ ಹೋಯಿತು. ಇನ್ನೆರಡೂ ಹಾಗೇ. ಆಮೇಲೆ ಅರ್ಥವಾಯಿತು. ನರ್ಸರಿಯಲ್ಲಿ ಅದು ನೆಟ್‌ನ ನೆರಳಲ್ಲಿ ಇತ್ತು, ಹೊತ್ತುಹೊತ್ತಿಗೆ ನೀರು, ಗೊಬ್ಬರ. ಅಲ್ಲಿಂದ ಎತ್ತಿ ಏಪ್ರಿಲ್ ಬಿಸಿಲಲ್ಲಿ ಗಾಡಿಯ ಮೇಲೆ ಇಟ್ಟು, ಬಿಸಿ ಗಾಳಿಗೆ ಒಡ್ಡಿ, ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ತಂದಿಟ್ಟರೆ ಬೇರಿಗೆ ಸುಧಾರಿಸಿಕೊಳ್ಳಲು ಸಮಯವೇ ಇಲ್ಲ. ಇರುವ ಶಕ್ತಿಯೆಲ್ಲ ಮೊಗ್ಗಿಗೆ ಹೋಗಿರುತ್ತದೆ. ಹೂ ಬಿಟ್ಟ ಗಿಡ ಆ ಹೊತ್ತಿಗೆ ಚೆಂದ ಕಾಣುತ್ತದೆ ನಿಜ, ಆದರೆ ಜಾಗ ಬದಲಾಯಿಸಲು ಅದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ. ಸತ್ತ ಗಿಡದ ಪಾಟ್‌ಗೆ ಮುಂದಿನ ವರ್ಷ ಮತ್ತೊಂದು ಹೂ ಬಿಟ್ಟ ಗಿಡ. ನಮ್ಮ ಸೊಸೈಟಿಯಲ್ಲೇ ಎಷ್ಟು ಮನೆಗಳಲ್ಲಿ ಹೀಗೆ ನಡೆಯುತ್ತದೆ ಅಂತ ನಾನು ನೋಡಿದ್ದೇನೆ. ಗೇಟಿನ ಪಕ್ಕದ ಕಸದ ಡಬ್ಬಿಯಲ್ಲಿ ಬೇರಿನ ಸಮೇತ ಬಿದ್ದ ದಾಸವಾಳ ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಂತ ಊರಿನ ಕ್ರಮವನ್ನು ಸುಮ್ನೆ ಇಲ್ಲಿಗೆ ತಂದರೂ ನಡೆಯಲ್ಲ. ಅದನ್ನೂ ಮಾಡಿ ನೋಡಿದ್ದೇನೆ. ಒಂದು ಸಲ ಮೇ ತಿಂಗಳಲ್ಲಿ ಊರಿಂದ ಬರುವಾಗ ಬಿಳಿ ದಾಸವಾಳದ ನಾಲ್ಕು ಕೊಂಬೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ನಾಲ್ಕೂ ಒಣಗಿದವು. ಬೇರೇ ಇಲ್ಲದ ಕೊಂಬೆಗೆ ಆ ಬಿಸಿಲಲ್ಲಿ ಬೇರು ಬಿಡು ಅಂದರೆ ಅದೇನು ಮಾಡೀತು?

ಆಗ ನನಗೆ ದಾರಿ ತೋರಿಸಿದ್ದು ತಂಗಿಯ ಗಿಡ. ಅವಳು ಅಮೆರಿಕದ ಓಹಾಯೊದಲ್ಲಿದ್ದಾಳೆ. ಅಲ್ಲಿ ಹಾರ್ಡಿ ಹಿಬಿಸ್ಕಸ್ ಅಂತ ಸಿಗುತ್ತದೆ, ಚಳಿ ತಡೆಯುವ ದಾಸವಾಳ. ನಮ್ಮ ದಾಸವಾಳ ಹಿಬಿಸ್ಕಸ್ ರೋಸಾ ಸೈನೆನ್ಸಿಸ್, ಹೆಪ್ಪುಗಟ್ಟುವ ಚಳಿಗೆ ಸಿಕ್ಕರೆ ಅದರ ಕಥೆ ಮುಗಿದಂತೆ. ಅವಳದು ಹಿಬಿಸ್ಕಸ್ ಮಾಸ್ಕ್ಯೂಟಾಸ್, ಉತ್ತರ ಅಮೆರಿಕದ ಪೂರ್ವ ಭಾಗದ ಜೌಗು ನೆಲದ ಗಿಡ. ಹೂ ಊಟದ ತಟ್ಟೆಯಷ್ಟು ದೊಡ್ಡದು, ಎಂಟು ಹತ್ತು ಇಂಚು ಅಗಲ. ಬೇಸಿಗೆಯ ನಡುವಿನಿಂದ ಕೊನೆಯವರೆಗೆ ಅರಳುತ್ತದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಎಲೆ ಹರಿದು ಕಳೆಗೆಟ್ಟ ಗಿಡಗಳನ್ನು ಅಂಗಡಿಯವರು ಅರ್ಧ ಬೆಲೆಗೆ ಹೊರಗಿಟ್ಟಿದ್ದರು. ಅವಳು ಅದನ್ನು ತಂದು ನೆಟ್ಟಳು. ಚಳಿಗಾಲ ಬಂತು, ನೆಲದ ಮೇಲಿದ್ದದ್ದೆಲ್ಲ ಒಣಗಿ ಕಡ್ಡಿಯಾಯಿತು. ಏಪ್ರಿಲ್‌ನಲ್ಲಿ ಸುತ್ತಲಿನ ಗಿಡಗಳೆಲ್ಲ ಚಿಗುರಿದರೂ ಇದು ಏಳಲಿಲ್ಲ. "ಅಣ್ಣಾ, ಸತ್ತೇ ಹೋಯ್ತು ಕಾಣ್ತು, ಕಿತ್ತು ಬಿಸಾಕ್ತಿ" ಅಂದಳು. ಪಕ್ಕದ ಮನೆಯ ಅಜ್ಜಿ ತಡೆದರಂತೆ. ಈ ಗಿಡ ಏಳುವುದೇ ಎಲ್ಲಕ್ಕಿಂತ ತಡ, ಒಣ ಕಡ್ಡಿಯನ್ನು ಗುರುತಿಗೆ ಬಿಟ್ಟು ಕಾಯಿ ಅಂತ ಹೇಳಿದರಂತೆ. ಮೇ ಕೊನೆಗೆ ಬುಡದಿಂದ ಕೆಂಪು ಮೊಳಕೆ ಬಂತು. ಆಗಸ್ಟ್‌ನಲ್ಲಿ ಅವಳು ಕಳಿಸಿದ ಫೋಟೋದಲ್ಲಿ ಮಗಳ ಮುಖ ಹೂವಿನ ಹಿಂದೆ ಪೂರ್ತಿ ಮುಚ್ಚಿಹೋಗಿತ್ತು.

ಆ ಫೋಟೋ ನೋಡಿದವರು ಆ ಬೀಜ ಇಲ್ಲಿಗೆ ತರಿಸೋಣ್ವಾ ಅಂತ ಕೇಳುತ್ತಾರೆ. ಬೇಡ ಅಂತ ನನ್ನ ಅಭಿಪ್ರಾಯ. ಅದು ಚಳಿಗಾಲವೆಲ್ಲ ನೆಲದೊಳಗೆ ಮಲಗುವ, ಕಾಲು ನೀರಲ್ಲಿಟ್ಟು ನಿಲ್ಲುವ ಗಿಡ. ಪುಣೆಯ ಬಾಲ್ಕನಿ ಅದರ ಮನೆಯಲ್ಲ. ನಾನು ತಗೊಂಡದ್ದು ಬೀಜ ಅಲ್ಲ, ಆ ಅಜ್ಜಿಯ ಮಾತು. ಹೂ ಮುಗಿದ, ಯಾರಿಗೂ ಬೇಡವಾದ ಗಿಡವನ್ನು ಕಡಿಮೆ ಬೆಲೆಗೆ ತಂದು ಕಾಯುವುದು.

ಬೇಡವಾದದ್ದು ಅಂದ ಮಾತ್ರಕ್ಕೆ ಯಾವುದನ್ನಾದರೂ ತರಬೇಡಿ. ಕಾಂಡ ಪೆನ್ಸಿಲ್‌ಗಿಂತ ದಪ್ಪ ಇರಬೇಕು. ಎಲೆ ಹಳದಿಯಾಗಿದ್ದರೆ ಚಿಂತೆಯಿಲ್ಲ, ಅದು ನೀರಿನದೋ ಬಿಸಿಲಿನದೋ ತೊಂದರೆ, ಸರಿಹೋಗುತ್ತದೆ. ಎಲೆಯ ಅಡಿ, ಚಿಗುರಿನ ಸಂದು ನೋಡಿ, ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದ್ದರೆ ಅದು ಹಿಟ್ಟು ತಿಗಣೆ. ಪುಕ್ಕಟೆ ಕೊಟ್ಟರೂ ಬೇಡ, ಮನೆಯ ಉಳಿದ ಗಿಡಕ್ಕೂ ಹಬ್ಬುತ್ತದೆ. ಬುಡದ ಹತ್ತಿರ ಗಂಟು ಇದ್ದರೆ ಕಸಿ ಮಾಡಿದ ಗಿಡ, ಗಂಟಿನ ಕೆಳಗಿಂದ ಬರುವ ಚಿಗುರನ್ನು ಚಿವುಟುತ್ತಾ ಇರಬೇಕು, ಇಲ್ಲದಿದ್ದರೆ ಕೆಳಗಿನ ಗಿಡವೇ ಮೇಲಿನದನ್ನು ನುಂಗಿಬಿಡುತ್ತದೆ. ಇಲ್ಲಿಯ ನರ್ಸರಿ ಚೀಲಗಳಲ್ಲಿ ತುಂಬುವ ಜಿಗುಟು ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಆಗಿರುತ್ತದೆ. ಮೇಲಿಂದ ಹಾಕಿದ ನೀರು ಬದಿಯಿಂದ ಹರಿದುಹೋಗುತ್ತದೆ, ಬೇರಿಗೆ ಮುಟ್ಟುವುದೇ ಇಲ್ಲ. ಎಷ್ಟೋ ಜನ ದಿನಾ ನೀರು ಹಾಕಿದ್ದೆ ಆದರೂ ಸತ್ತಿತು ಅನ್ನುವುದು ಇದಕ್ಕೇ.

ಹಾಗಾಗಿ ನಾನು ತಂದ ಗಿಡವನ್ನು ಮೊದಲು ಚೀಲದ ಸಮೇತ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ. ಹತ್ತು ದಿನ ಪೂರ್ವದ ಕಿಟಕಿಯ ಹತ್ತಿರ, ನೆರಳಲ್ಲೇ. ಆಮೇಲೆ ಒಂದು ಸಂಜೆ, ಮಣ್ಣಿನ ಹೆಂಟೆ ಒಡೆಯದ ಹಾಗೆ 12 ಇಂಚಿನ ಪಾಟ್‌ಗೆ ದಾಟಿಸಿ, ಮೇಲೆ ತೆಂಗಿನ ನಾರು ಮತ್ತು ಒಣ ಎಲೆ ಹೊದಿಸಿದೆ. ಗೊಬ್ಬರ ಹಾಕಲಿಲ್ಲ. ಬಳಲಿದ ಗಿಡಕ್ಕೆ ಗೊಬ್ಬರ ಹಾಕುವುದು ಜ್ವರ ಬಂದವನಿಗೆ ಹೋಳಿಗೆ ಊಟ ಹಾಕಿದ ಹಾಗೆ. ಮೇ ನಡುವಿಗೆ ಇದ್ದ ಎಲೆಯೂ ಉದುರಿ ಬರೀ ಕೋಲು ಉಳಿಯಿತು. ಇನ್ನು ಬಿಸಾಕಿ ಅಂದಳು ಹೆಂಡತಿ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿದೆ, ಒಳಗೆ ಹಸಿರು ಇತ್ತು. ಹಸಿರು ಕಂಡರೆ ಜೀವ ಇದೆ ಅಂತ ಅರ್ಥ, ಕಂದು ಕಂಡರೆ ಆ ಕೊಂಬೆ ಹೋಯಿತು ಅಂತ. ಅವಳಿಗೂ ತೋರಿಸಿದೆ. ಆಮೇಲೆ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ನೀರು ಹಾಕುತ್ತಿದ್ದವಳು ಅವಳೇ.

ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಒಟ್ಟು ಏಳು ಕಡೆ ಚಿಗುರು ಒಡೆಯಿತು. ಆಗ ಅಡಿಕೆ ಗಾತ್ರದ ತುದಿಗಳನ್ನು ಚಿವುಟಿದೆ, ಯಾಕೆಂದರೆ ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕೊಂಬೆ ಜಾಸ್ತಿಯಾದಷ್ಟು ಹೂ ಜಾಸ್ತಿ. ಶ್ರಾವಣದ ಮೊದಲ ವಾರ ಮೊದಲ ಹೂ. ಹೈಬ್ರಿಡ್ ಅಲ್ಲ, ಎರಡು ಬಣ್ಣವೂ ಅಲ್ಲ, ಐದೆಸಳಿನ ಮಾಮೂಲಿ ಕೆಂಪು, ಇಲ್ಲಿಯವರು ಗಾವಠಿ ಅನ್ನುವಂಥದ್ದು. ಅಮ್ಮನ ಅಂಗಳದ ಹೂವೇ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಬೆಲೆಯ ಮಾತು ಎತ್ತಲಿಲ್ಲ, "ಎಲೆ ಎಷ್ಟು ಹಸುರಾಗಿದ್ದು" ಅಂದಳು. ಆ ವರ್ಷದ ಗಣೇಶ ಚೌತಿಗೆ ನಮ್ಮ ಮನೆಯ ಗಣಪತಿಗೆ ಹೊರಗಿಂದ ಜಾಸ್ವಂದ ತರಲಿಲ್ಲ.

ಕೊಳ್ಳುವುದು ತಪ್ಪಲ್ಲ ಅಂತ ಈಗ ಅನಿಸಿದೆ. ಈ ಮಣ್ಣು, ಈ ಗಾಳಿ ಕಂಡ, ಬೇರು ಬಿಟ್ಟ ಗಿಡವನ್ನು ಒಂದು ಸಲ ಕೊಳ್ಳಿ. ಎರಡನೇ ಸಲ ಯಾಕೆ? ಅಲ್ಲಿಂದ ಮುಂದೆ ಊರಿನ ಕ್ರಮವೇ ಸರಿ. ಬೆಳಿಗ್ಗೆ ವಾಕಿಂಗ್ ಹೋಗುವ ಎಷ್ಟೋ ಹಿರಿಯರು ಕೈಚೀಲ ಹಿಡಿದು, ಕಂಪೌಂಡಿನ ಹೊರಗೆ ಬಾಗಿದ ಕೊಂಬೆಯನ್ನು ಕೋಲಿನಿಂದ ಎಳೆದು ಹೂ ಕೀಳುವುದನ್ನು ಪುಣೆಯಲ್ಲಿ ಇರುವವರೆಲ್ಲ ನೋಡಿರುತ್ತೀರಿ. ಇದಕ್ಕೆ ಜಗಳಗಳೂ ಆಗುತ್ತವೆ. ನಮ್ಮ ಗೇಟಿನ ಹತ್ತಿರವೂ ಆಗಿದೆ. ಜಗಳದ ಬದಲು ಆ ಅಜ್ಜನ ಕೈಗೆ ಬೇರು ಬಂದ ಒಂದು ಗಿಡ ಕೊಟ್ಟರೆ ಹೇಗೆ ಅಂತ ಅನಿಸಿ ಈ ಮಳೆಗಾಲ ಹನ್ನೆರಡು ಕೊಂಬೆ ಕತ್ತರಿಸಿದೆ. ಆರು ಇಂಚು ಉದ್ದ, ಮೂರು ನಾಲ್ಕು ಗೆಣ್ಣು ಇರುವಂಥವು. ಕೆಳಗಿನ ಎಲೆ ಕಿತ್ತು, ಖಾಲಿ ಹಾಲಿನ ಪ್ಯಾಕೆಟ್‌ಗೆ ತೂತು ಮಾಡಿ, ಮರಳು ಬೆರೆಸಿದ ಮಣ್ಣಿನಲ್ಲಿ ಊರಿದೆ. ಐದು ವಾರಕ್ಕೆ ಒಂಬತ್ತು ಬದುಕಿದವು.

ಮೊದಲನೆಯದು ಕಾಕೂಗೆ. ಎರಡನೆಯದು ನಾಲ್ಕನೇ ಮಹಡಿಯ ವಿಜಯಪುರದವರಿಗೆ. ಅವರು ಎಲೆ ಮೂಸಿ ನೋಡಿ, ನಮ್ಮ ಪುಂಡಿಪಲ್ಯಾನೂ ಇದರ ಬಳಗಾನೇ ಅಲ್ರಿ ಅಂದರು. ಹೌದು, ಇಲ್ಲಿಯವರು ಅಂಬಾಡಿ ಅನ್ನುವ ಆ ಪುಂಡಿಯೂ ಹಿಬಿಸ್ಕಸ್ಸೇ. ಮೂರು ದಿನ ಬಿಟ್ಟು ಅವರ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಂತು. ಕೋಲು ಹಿಡಿದು ಬರುವ ಅಜ್ಜನಿಗೆ ಮೊನ್ನೆ ಸಂಕಷ್ಟಿಯ ಬೆಳಿಗ್ಗೆ ಎರಡು ಕೊಟ್ಟೆ. ಉಳಿದದ್ದು ಐದು. ಕೋಥ್ರೂಡ್ ಕಡೆ ಇರುವ ಕನ್ನಡದವರು ಯಾರಿಗಾದರೂ ಬೇಕಿದ್ದರೆ ಹೇಳಿ, ಭಾನುವಾರ ಬೆಳಿಗ್ಗೆ ಹತ್ತರೊಳಗೆ ಬನ್ನಿ, ಬಿಸಿಲು ಏರುವ ಮೊದಲು ಗಿಡ ನಿಮ್ಮ ಮನೆ ಸೇರಲಿ.