ಎರಡು ಕೋಟಿ ಡಾಲರಿನ ಕುರ್ಚಿ

‘ಇ-ಸ್ಪೋರ್ಟ್ಸ್‌ನ ಐಪಿಎಲ್’, ಅಂದರೆ ವಿಡಿಯೊ ಗೇಮ್ ಪಂದ್ಯಗಳ ಐಪಿಎಲ್, ಬರಲಿದೆ ಎಂಬ ಶುಭವಾರ್ತೆ ಹೊತ್ತ ಮತ್ತೊಂದು ಪತ್ರಿಕಾ ಪ್ರಕಟಣೆ ಮೊನ್ನೆ ಕಣ್ಣಿಗೆ ಬಿತ್ತು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಮೂಲಕ ಸಂಸತ್ತು ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದು ಗುರುತಿಸಿದ ಮೇಲೆ ಇಂಥ ಶುಭವಾರ್ತೆಗಳಿಗೆ ಬರವಿಲ್ಲ. ಊರಿಗೊಂದು ತಂಡ, ತಂಡಕ್ಕೊಬ್ಬ ಸಿರಿವಂತ ಮಾಲೀಕ, ಲಾಂಛನದಲ್ಲಿ ಬಾಯಿ ತೆರೆದು ನಿಂತ ಒಂದು ಕಾಡುಪ್ರಾಣಿ, ಇಷ್ಟಾದರೆ ಅಭಿಮಾನಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ ಎಂಬುದು ಈ ಮಹನೀಯರ ಅಚಲ ನಂಬಿಕೆ. ಈ ನಂಬಿಕೆಗೆ ಅಮೆರಿಕದಲ್ಲಿ ಈಗಾಗಲೇ ಗುಡಿ ಕಟ್ಟಿ, ತೇರೆಳೆದು, ಕೊನೆಗೆ ಬಾಗಿಲಿಗೆ ಬೀಗವನ್ನೂ ಜಡಿದಾಗಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಓವರ್‌ವಾಚ್ ಲೀಗ್‌ನ ಕಥೆ ಆಟದ ಗಂಧವಿರುವವರಿಗೆಲ್ಲ ಗೊತ್ತೇ ಇದೆ. ಓವರ್‌ವಾಚ್ ಎಂಬುದು ತಂಡಗಳಾಗಿ ಆಡುವ ಒಂದು ಶೂಟಿಂಗ್ ವಿಡಿಯೊ ಗೇಮ್. 2016ರ ನವೆಂಬರ್‌ನಲ್ಲಿ ಘೋಷಣೆಯಾಗಿ 2018ರ ಜನವರಿಯಲ್ಲಿ 12 ತಂಡಗಳೊಂದಿಗೆ ಆರಂಭವಾದ ಈ ಲೀಗ್‌ನಲ್ಲಿ ಒಂದು ಸ್ಥಾನದ ಬೆಲೆ ಸುಮಾರು 2 ಕೋಟಿ ಡಾಲರ್ ಎಂದು ಆಗಲೇ ವರದಿಯಾಗಿತ್ತು. ಮರುವರ್ಷ ಸೇರಿದ 8 ತಂಡಗಳು ಅದಕ್ಕಿಂತಲೂ ಹೆಚ್ಚು ತೆತ್ತವಂತೆ. ಕೊಂಡವರೇನು ಸಾಮಾನ್ಯರಲ್ಲ. ಅಮೆರಿಕನ್ ಫುಟ್‌ಬಾಲ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಒಡೆಯ ರಾಬರ್ಟ್ ಕ್ರಾಫ್ಟ್, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಒಡೆಯ ಸ್ಟಾನ್ ಕ್ರೋಂಕಿ ಮೊದಲಾದ, ಕ್ರೀಡಾ ವ್ಯಾಪಾರವನ್ನು ಅರೆದು ಕುಡಿದವರು. ಇವರೆಲ್ಲ ಕೊಂಡದ್ದಾದರೂ ಏನನ್ನು? ಕ್ರೀಡಾಂಗಣವನ್ನಲ್ಲ. ಆಟವನ್ನಂತೂ ಅಲ್ಲವೇ ಅಲ್ಲ, ಏಕೆಂದರೆ ಆಟ ಬ್ಲಿಝಾರ್ಡ್ ಕಂಪನಿಯದು. ಆ ಕಂಪನಿ ಬೆಳಗಾಗೆದ್ದು ಒಂದು ಅಪ್‌ಡೇಟ್ ಬಿಟ್ಟರೆ ನಿನ್ನೆಯ ಚಾಂಪಿಯನ್ನನ ಕೈಚಳಕ ಇಂದು ಮೂರು ಕಾಸಿಗೂ ಬಾರದು. ಅವರು ಕೊಂಡದ್ದು ಒಂದು ಕುರ್ಚಿಯನ್ನು. ಎಷ್ಟು ಸೋತರೂ ಯಾರೂ ಎಬ್ಬಿಸಲಾರದ ಕುರ್ಚಿಯನ್ನು.

ಊರಿನ ಅಭಿಮಾನದ ವಿಷಯಕ್ಕೆ ಬಂದರೆ ಲಂಡನ್ ಸ್ಪಿಟ್‌ಫೈರ್ ತಂಡವನ್ನು ಮೆಚ್ಚದೆ ವಿಧಿಯಿಲ್ಲ. ಹೆಸರು ಲಂಡನ್ನಿನದು; ಕಪ್ ಗೆದ್ದ ವರ್ಷ ಆಡಿದವರೆಲ್ಲ ಕೊರಿಯಾದ ಹುಡುಗರು; ವಾರವಾರ ಆಡುತ್ತಿದ್ದುದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನ ಒಂದು ಸ್ಟುಡಿಯೊದಲ್ಲಿ; 2018ರ ಜುಲೈನಲ್ಲಿ ಕಪ್ ಎತ್ತಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಲಂಡನ್ನಿನ ಅಭಿಮಾನಿ ತನ್ನ ‘ಊರಿನ’ ಹುಡುಗರನ್ನು ಹುರಿದುಂಬಿಸಬೇಕೆಂದರೆ ಎಂಟು ಗಂಟೆಗಳ ಕಾಲವ್ಯತ್ಯಾಸವನ್ನು ಸಹಿಸಿಕೊಂಡು ಅಪರಾತ್ರಿಯಲ್ಲಿ ಪರದೆಯ ಮುಂದೆ ಕೂರಬೇಕಿತ್ತು. ಊರೂರಿಗೆ ಪಂದ್ಯಗಳನ್ನು ಒಯ್ಯುವ ಯೋಜನೆ 2020ರಲ್ಲಿ ಹೊರಟಿತಾದರೂ ಕೆಲವೇ ವಾರಗಳಲ್ಲಿ ಕೋವಿಡ್ ಅಡ್ಡ ಬಂತು. ಅದಕ್ಕಾಗಿ ಲೀಗನ್ನು ದೂರುವುದು ನ್ಯಾಯವಲ್ಲ. ಆದರೆ ಅದಕ್ಕೂ ಮೊದಲಿನ ಎರಡು ವರ್ಷ ಬಹುತೇಕ ತಂಡಗಳಿಗೆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಊರಿರಲಿಲ್ಲ ಎಂಬುದಕ್ಕೆ ಯಾವ ವೈರಾಣುವೂ ಕಾರಣವಲ್ಲ.

ಇನ್ನು ಶಾಂಘೈ ಡ್ರಾಗನ್ಸ್. ಮೊದಲ ವರ್ಷ ಆಡಿದ 40 ಪಂದ್ಯಗಳಲ್ಲಿ ಸೋತದ್ದು ಸರಿಯಾಗಿ 40. ಮರುವರ್ಷವೂ ಎರಡು ಸೋತು, 42ರ ನಂತರ ಬಾಸ್ಟನ್ ತಂಡವನ್ನು ಸೋಲಿಸಿದಾಗ ಅದೊಂದು ಹಬ್ಬವೇ ಆಯಿತು. ಇದೇ ತಂಡ ಹುಡುಗರನ್ನು ಬದಲಿಸುತ್ತ ಬಂದು 2021ರಲ್ಲಿ ಕಪ್ಪನ್ನೂ ಗೆದ್ದಾಗ, ಕಾಯುವ ಭಾಗ್ಯ ಕೊಟ್ಟದ್ದೇ ಹಣ ತೆತ್ತು ಕಾಯಂ ಸ್ಥಾನ ಕೊಳ್ಳುವ ಈ ಫ್ರಾಂಚೈಸಿ ಪದ್ಧತಿ ಎಂದು ಅದರ ಭಕ್ತರು ಕೊಂಡಾಡಿದರು. ಒಪ್ಪಿದೆ. 2017 ಮತ್ತು 2019ರಲ್ಲಿ ಕೋಷ್ಟಕದ ತಳ ಕಂಡು, ಆದರೂ ‘ಈ ಸಲ ಕಪ್ ನಮ್ದೇ’ ಎನ್ನುತ್ತ 18ನೆಯ ಆವೃತ್ತಿಯವರೆಗೆ ಕಾದ ಬೆಂಗಳೂರಿಗರಿಗೆ ಈ ಭಾಗ್ಯದ ರುಚಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಐಪಿಎಲ್‌ನ ಕೆಳಗೆ ರಣಜಿ ಇದೆ, ರಣಜಿಯ ಕೆಳಗೆ ಕ್ಲಬ್ ಕ್ರಿಕೆಟ್ ಇದೆ, ಮತ್ತು ಕ್ರಿಕೆಟ್ ಎಂಬ ಆಟ ಯಾವ ಕಂಪನಿಯ ಸ್ವತ್ತೂ ಅಲ್ಲ. ಓವರ್‌ವಾಚ್‌ನಲ್ಲಿ ಮೇಲಿನ ಮಹಡಿಗೆ ಅಮೃತಶಿಲೆ ಹಾಸುವ ಮೊದಲು ಕೆಳಗಿನ ಮೆಟ್ಟಿಲುಗಳನ್ನು ಕಿತ್ತರು. ಗೆದ್ದವರು ಮೇಲಿನ ದರ್ಜೆಗೆ ಏರುವ, ಸೋತವರು ಕೆಳಗಿಳಿಯುವ ಬಡ್ತಿ-ಹಿಂಬಡ್ತಿ ಎರಡೂ ಇದ್ದ ಕೊರಿಯಾದ ಎಪೆಕ್ಸ್ ಟೂರ್ನಿ ಲೀಗ್‌ನ ಹೊಸ್ತಿಲಲ್ಲಿ, 2017ರಲ್ಲಿ, ನಿಂತುಹೋಯಿತು. ಅದರ ಬದಲಿಗೆ ಬಂದ ಕಂಟೆಂಡರ್ಸ್ ಎಂಬ ಎರಡನೆಯ ದರ್ಜೆಯ ಟೂರ್ನಿಯಲ್ಲಿ ಒಂದು ತಂಡ ಎಲ್ಲವನ್ನೂ ಗೆದ್ದರೂ ಅದಕ್ಕೆ ಮೇಲಿನ ಲೀಗ್‌ನ ಬಾಗಿಲು ತೆರೆಯುತ್ತಿರಲಿಲ್ಲ. ಅದರ ಒಳ್ಳೆಯ ಹುಡುಗರನ್ನು ಮೇಲಿನವರು ಹೆಕ್ಕಿಕೊಂಡು ಹೋಗುತ್ತಿದ್ದರು, ಅಷ್ಟೇ.

ಆಟಗಾರರಿಗೆ ಇದರಿಂದ ಒಳ್ಳೆಯದಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಯಿತು. ವರ್ಷಕ್ಕೆ ಕನಿಷ್ಠ 50,000 ಡಾಲರ್ ಸಂಬಳ, ಆರೋಗ್ಯ ವಿಮೆ, ಇವೆಲ್ಲ ಅದಕ್ಕೆ ಮೊದಲು ಆ ಹುಡುಗರು ಕೇಳರಿಯದ ಸವಲತ್ತುಗಳು. ಆದರೆ ಅದೇ ಲೀಗ್‌ನ ನಿಯಮವೊಂದರ ಪ್ರಕಾರ, ನಿಗದಿತ ಮಿತಿಗಿಂತ ಹೆಚ್ಚು ಸಂಬಳ ಕೊಟ್ಟ ತಂಡ ಮಿತಿ ಮೀರಿದ ಪ್ರತಿ ಡಾಲರಿಗೂ ಇನ್ನೊಂದು ಡಾಲರ್ ದಂಡ ಕಟ್ಟಬೇಕಿತ್ತು, ಆ ದಂಡವನ್ನು ಉಳಿದ ತಂಡಗಳು ಹಂಚಿಕೊಳ್ಳಬೇಕಿತ್ತು. 2023ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಇದರ ವಿರುದ್ಧ ದಾವೆ ಹೂಡಿತು, ಕಂಪನಿ ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ಒಪ್ಪಿಕೊಂಡಿತು. ಇದನ್ನು ಹಾಸ್ಯವಾಗಿ ಬರೆಯಲು ಕೂತರೆ ಕೈ ಓಡುವುದಿಲ್ಲ. ಹದಿನೆಂಟು-ಇಪ್ಪತ್ತರ ಹುಡುಗರು, ನಾಲ್ಕೈದು ವರ್ಷ ಆಡಿದರೆ ಅದೇ ಹೆಚ್ಚು ಎನ್ನುವಂಥ ವೃತ್ತಿ. ಅವರ ಸಂಬಳ ಏರದಂತೆ ನೋಡಿಕೊಂಡವರು ನೂರಾರು ಕೋಟಿಯ ಒಡೆಯರು.

ಇದು ಒಂದೇ ಕಂಪನಿಯ ಚಾಳಿಯಾಗಿದ್ದರೆ ಸುಮ್ಮನಿರಬಹುದಿತ್ತು. ಲೀಗ್ ಆಫ್ ಲೆಜೆಂಡ್ಸ್ ಎಂಬ ಇನ್ನೊಂದು ವಿಡಿಯೊ ಗೇಮ್‌ನ ಉತ್ತರ ಅಮೆರಿಕದ ಲೀಗ್ 2018ರಲ್ಲಿ ಫ್ರಾಂಚೈಸಿಯಾಯಿತು. ಎರಡನೆಯ ದರ್ಜೆಯ ತಂಡವನ್ನು ಸಾಕಲೇಬೇಕೆಂಬ ನಿಯಮವನ್ನು ಆ ಆಟದ ಒಡೆಯ ರಯಟ್ ಕಂಪನಿ 2023ರಲ್ಲಿ ಸಡಿಲಿಸಿದ್ದೇ ತಡ, ಹತ್ತರಲ್ಲಿ ಏಳು ಸಂಸ್ಥೆಗಳು ಆ ಹುಡುಗರನ್ನು ಮನೆಗೆ ಕಳಿಸಿದವು. ಆಟಗಾರರು ಮುಷ್ಕರ ಹೂಡಿದರು, ಲೀಗ್ ಎರಡು ವಾರ ತಡವಾಯಿತು. ಬಡ್ತಿ-ಹಿಂಬಡ್ತಿ ಮರಳಿ ಬರಲಿ ಎಂಬುದೂ ಅವರ ಬೇಡಿಕೆಗಳಲ್ಲಿತ್ತು. ರಯಟ್ ಅದನ್ನು ಒಪ್ಪಲಿಲ್ಲ. ಕುರ್ಚಿ ಮಾರಿದವರು ಅದನ್ನು ಹೇಗೆ ಒಪ್ಪಿಯಾರು? ಕೊರಿಯಾದ ಲೀಗ್ ಕೂಡ 2021ರಿಂದ ಫ್ರಾಂಚೈಸಿಯೇ, 2022ರಿಂದ 2025ರವರೆಗೆ ವಿಶ್ವಕಪ್ ಆ ದೇಶ ಬಿಟ್ಟು ಹೋಗಿಲ್ಲ ಎಂಬುದು ನಿಜ. ಆದರೆ ಅಲ್ಲಿ ಕುರ್ಚಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಪ್ರೇಕ್ಷಕರಿದ್ದರು, ಆಟಗಾರರನ್ನು ಬೆಳೆಸುವ ಪದ್ಧತಿಯೂ ಇತ್ತು.

ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಡೋಟಾ 2 ಆಟದ 2018ರ ‘ದಿ ಇಂಟರ್‌ನ್ಯಾಷನಲ್’ ಟೂರ್ನಿ ಇದೆ. ಟೂರ್ನಿಗೆ ಕೆಲವೇ ತಿಂಗಳಿರುವಾಗ ಅರ್ಧಕ್ಕರ್ಧ ಒಡೆದುಹೋಗಿದ್ದ ಓಜಿ ತಂಡ, ಅಂಥ ದೊಡ್ಡ ವೇದಿಕೆಯನ್ನೇ ಹತ್ತಿರದ ಟಾಪ್ಸನ್ ಎಂಬ ಫಿನ್‌ಲೆಂಡಿನ ಹುಡುಗನನ್ನು ಕಟ್ಟಿಕೊಂಡು, ಯಾರು ಬೇಕಾದರೂ ಆಡಬಹುದಾದ ಮುಕ್ತ ಅರ್ಹತಾ ಸುತ್ತಿನಿಂದ ಮೇಲೇರಿ, ವ್ಯಾಂಕೂವರ್‌ನಲ್ಲಿ ಪಿಎಸ್‌ಜಿ-ಎಲ್‌ಜಿಡಿಯನ್ನು 3-2ರಿಂದ ಸೋಲಿಸಿ, 1.1 ಕೋಟಿ ಡಾಲರಿಗೂ ಹೆಚ್ಚಿನ ಬಹುಮಾನ ಹೊತ್ತೊಯ್ದಿತು. ಫ್ರಾಂಚೈಸಿ ಲೀಗ್‌ನಲ್ಲಿ ಇಂಥ ತಂಡಕ್ಕೆ ಕಾವಲುಗಾರನೇ ಬಾಗಿಲಲ್ಲಿ ತಡೆದು ಚೆಕ್ ಎಲ್ಲಿ ಎಂದು ಕೇಳುತ್ತಿದ್ದ.

ಕೊನೆಗೆ 2023ರಲ್ಲಿ, ಓವರ್‌ವಾಚ್ ಲೀಗ್ ಮುಂದುವರಿಯಬೇಕೇ ಬೇಡವೇ ಎಂದು ಮತ ಹಾಕುವಂತೆ ತಂಡಗಳನ್ನು ಕೇಳಲಾಯಿತು. ಬೇಡವೆಂದಾದರೆ ತಂಡಗಳಿಗೆ ತಲಾ 60 ಲಕ್ಷ ಡಾಲರ್ ಎಂದೂ ತಿಳಿಸಲಾಯಿತು. ಫಲಿತಾಂಶ ಏನಾಗಿರಬಹುದೆಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ಕಂಟೆಂಡರ್ಸ್‌ನಲ್ಲಿ ಗೆದ್ದೂ ಮೇಲೇರಲಾಗದೆ ಉಳಿದವರಿಗೆ ಮತವೂ ಇರಲಿಲ್ಲ, ಡಾಲರೂ ಇರಲಿಲ್ಲ. ಮರುವರ್ಷವೇ ಬ್ಲಿಝಾರ್ಡ್ ಹೊಸ ಟೂರ್ನಿಯೊಂದನ್ನು ಆರಂಭಿಸಿತು. ಅದಕ್ಕೆ ಮುಕ್ತ ಅರ್ಹತಾ ಸುತ್ತುಗಳಿವೆ, ಯಾರು ಬೇಕಾದರೂ ಹೆಸರು ಕೊಡಬಹುದು.